ಕಾಶ್ಯಪ ಗೋತ್ರದ ಫುಂಡಿ

ಅವರ ಎಡಗೈ ಹೆಬ್ಬೆರಳಿನ ಉಗುರು ಎಮ್ಮೆ ಕೊಂಬಿನ ಚೂರಿನ ಹಾಗೆ ದಪ್ಪಗೆ, ಹಳದಿಯಾಗಿ, ತುದಿಯಲ್ಲಿ ಉಳಿಯಂತೆ ಚಪ್ಪಟೆಯಾಗಿತ್ತು. ಸೈಕಲ್ಲಿನ ಕೊಳವೆಯ ಮೇಲೆ ಆ ಉಗುರನ್ನಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಎಳೆದುಕೊಂಡು ಹೋಗುತ್ತಿದ್ದರು. ಎಲ್ಲೋ ಒಂದು ಕಡೆ ಉಗುರು ತಡೆಯುತ್ತಿತ್ತು. ನಮ್ಮ ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಅವರು ಕಣ್ಣು ಬಿಟ್ಟು, ಅಲ್ಲಿ ಸೀಮೆಸುಣ್ಣದ ಒಂದು ಗೆರೆ ಎಳೆದು, ಸೈಕಲ್ಲು ತಂದವನ ಮುಖ ನೋಡಿ ಕೇಳುತ್ತಿದ್ದರು: "ಹೇಗೆ ಮುರಿಯಿತು, ಹೇಳು."

ಹೇಳುವ ತನಕ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲ. ಗಿರಾಕಿ ಎಷ್ಟೇ ಅವಸರದಲ್ಲಿರಲಿ, ಬೋರಲು ಹಾಕಿದ ತಗಡಿನ ಡಬ್ಬದ ಮೇಲೆ ಕೂತು ಮುರಿದ ಕತೆಯನ್ನು ಪೂರ್ತಿ ಹೇಳಬೇಕು. ಯಾರು ಓಡಿಸುತ್ತಿದ್ದರು, ಏನು ಹೇರಿದ್ದರು, ಮೊದಲು ಅದರ ಮೇಲೆ ಯಾರ ಕೈ ಬಿದ್ದಿತ್ತು. ಮುದುಕನಿಗೆ ತಲೆ ಸರಿಯಿಲ್ಲ ಎಂದು ಲಾರಿಯವರು ನಗುತ್ತಿದ್ದರು. ತಲೆ ಸರಿಯಾಗಿಯೇ ಇತ್ತು. ಮೊದಲು ಏನು ಮಾಡಿದ್ದಾರೆಂದು ತಿಳಿಯದೆ ಅದರ ಮೇಲೆ ಬೆಸುಗೆ ಹಾಕಿದರೆ ಅದು ಮತ್ತೆ ಅಲ್ಲೇ ಬಿಡುತ್ತದೆ. ನಮ್ಮ ಕೆಲಸ ಮಾಡುವ ಯಾರಿಗಾದರೂ ಇದು ಗೊತ್ತು. ಆದರೆ ಯಾರೂ ಕೇಳುವ ತೊಂದರೆ ತೆಗೆದುಕೊಳ್ಳುವುದಿಲ್ಲ, ಅಷ್ಟೇ.

ಇನ್ನೊಂದು ವಿಚಿತ್ರ, ಅವರಿಗೆ ಸೈಕಲ್ಲು ಹೊಡೆಯಲು ಬರುತ್ತಿರಲಿಲ್ಲ. ನಲವತ್ತು ವರ್ಷ ಸೈಕಲ್ಲು ರಿಪೇರಿ ಮಾಡಿದವರು ಒಂದು ದಿನವೂ ಹತ್ತಿದವರಲ್ಲ. ಎಲ್ಲೆಲ್ಲಿ ಮುರಿಯುತ್ತದೆ ಎಂದು ನೋಡಿದವನು ಅದರ ಮೇಲೆ ಹೇಗೆ ಕೂರಲಿ ಎಂದು ಕೇಳುತ್ತಿದ್ದರು. ಮನೆಯಿಂದ ಅಂಗಡಿಗೆ ದಿನಾ ಒಂದೂವರೆ ಗಂಟೆ ನಡೆದೇ ಬರುತ್ತಿದ್ದರು. ನಡುಮಧ್ಯಾಹ್ನದ ಬಿಸಿಲಿನಲ್ಲೂ ಮೈಮೇಲೆ ಉಣ್ಣೆಯ ಕೋಟು.

ಕೀನ್ಯಾದಲ್ಲಿ ಕೈಕೆಲಸದವರನ್ನೆಲ್ಲ ಫುಂಡಿ ಎನ್ನುತ್ತಾರೆ. ಬಡಗಿಯೂ ಫುಂಡಿ, ದರ್ಜಿಯೂ ಫುಂಡಿ, ಸೈಕಲ್ಲು ರಿಪೇರಿಯವನೂ ಫುಂಡಿ. ವೆಲ್ಡಿಂಗ್ ಮಾಡುವ ನಾನೂ ಫುಂಡಿಯೇ. ನಮ್ಮ ಕಡೆಯವರು ಅಲ್ಲಿಯ ಕೆಲಸಗಾರರನ್ನು ಅವನು, ಇವನು ಎಂದೇ ಅನ್ನುವುದು. ನಾನೂ ಅನ್ನುತ್ತಿದ್ದೆ. ಇವರ ವಿಷಯದಲ್ಲಿ ಈಗ ಹಾಗೆ ಬರೆಯಲು ಕೈ ಬರುವುದಿಲ್ಲ.

ನಾನು ಓದಿದ್ದು ಏಳನೇ ತರಗತಿ. ಭದ್ರಾವತಿಯಲ್ಲಿ ಕಾರ್ಖಾನೆಯ ರಸ್ತೆಯ ಒಂದು ಅಂಗಡಿಯಲ್ಲಿ ಬೆಸುಗೆ ಕಲಿತೆ. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಭೂಗೋಳದ ಮೇಷ್ಟ್ರಾಗಿ ನೈರೋಬಿಗೆ ಹೋದವನು ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡ. ಅವನು ಮದುವೆಯಾಗಿರಲಿಲ್ಲ. ಹೈರಿಡ್ಜ್‌ನಲ್ಲಿ ಎರಡು ಕೋಣೆಯ ಮನೆ, ನಾವಿಬ್ಬರೇ. ನನಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪಿನಲ್ಲಿ ಕೆಲಸ. ಲ್ಯಾವಿಂಗ್ಟನ್ನಿನ ದೊಡ್ಡ ಮನೆಗಳಿಗೆ ನಾವು ಗೇಟು ಮಾಡಿಕೊಡುತ್ತಿದ್ದೆವು, ಒಳಗೆ ಹೇಗಿರುತ್ತದೆಂದು ನೋಡಿದವರಲ್ಲ.

ಅಣ್ಣನ ಎರಡು ವಿಷಯ ಹೇಳಬೇಕು. ಒಂದು, ಅವನು ಬೋರ್ಡಿನ ಮೇಲೆ ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಇಡೀ ಆಫ್ರಿಕಾದ ನಕ್ಷೆ ಬರೆಯುತ್ತಿದ್ದ. ಬೇರೆ ತರಗತಿಯ ಮಕ್ಕಳೂ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರಂತೆ. ಇನ್ನೊಂದು, ಅವನಿಗೆ ಕಲ್ಲಿನ ಹುಚ್ಚು. ಎಲ್ಲಿ ಹೋದರೂ ಒಂದು ಕಲ್ಲು ಎತ್ತಿಕೊಂಡು ಬಂದು, ತೊಳೆದು, ಎಲ್ಲಿಯದು ಎಂದು ಚೀಟಿ ಅಂಟಿಸಿ ಕಪಾಟಿನಲ್ಲಿಡುತ್ತಿದ್ದ. ಅಡುಗೆಮನೆಯ ಬೇಳೆ ಡಬ್ಬಗಳ ಪಕ್ಕದಲ್ಲೂ ಕಲ್ಲುಗಳಿದ್ದವು. ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ಇದು ಬೆಂಕಿಯಿಂದ ಬಂದದ್ದು, ಇದು ನೀರಿನಿಂದ ಬಂದದ್ದು ಎಂದು ಹೇಳುವಾಗ ಅವನ ಮುಖ ಹಬ್ಬದ ದಿನದ ಮಗುವಿನ ಮುಖದಂತಿರುತ್ತಿತ್ತು.

ಎಂಬತ್ತರ ದಶಕದ ಕೊನೆಯ ಒಂದು ಆಗಸ್ಟ್ ರಜೆಯಲ್ಲಿ ಅವನಿಗೆ ಸೈಕಲ್ಲಿನಲ್ಲಿ ಮೊಂಬಾಸಾಗೆ ಹೋಗುವ ಯೋಚನೆ ಬಂತು. ನಾನೂ ಬರಬೇಕು. ಅಣ್ಣನ ಸ್ವಾಹಿಲಿ ಪುಸ್ತಕದ ಸ್ವಾಹಿಲಿ, ಜನ ಅದನ್ನು ಕೇಳಿ ನಗುತ್ತಿದ್ದರು, ಅವರು ಹೇಳಿದ್ದು ಅವನಿಗೆ ಅರ್ಧ ತಿಳಿಯುತ್ತಿರಲಿಲ್ಲ. ನಾನು ಹಗಲೆಲ್ಲ ಅಲ್ಲಿಯ ಕೆಲಸಗಾರರ ಜೊತೆ ಇರುವವನು, ನನಗೆ ಮಾತು ಬರುತ್ತಿತ್ತು. ಹೋಗಲು ನನಗೆ ಮನಸ್ಸಿರಲಿಲ್ಲ. ವರ್ಷವೆಲ್ಲ ಕಬ್ಬಿಣ ಎತ್ತಿ ಸುಸ್ತಾದವನಿಗೆ ರಜೆಯಲ್ಲಿ ಮಲಗಿದರೆ ಸಾಕಾಗಿತ್ತು. ಆದರೆ ಅಣ್ಣನಿಗೆ ಇಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ. ಬಾಯಲ್ಲಿ ಹೂಂ ಎಂದು ಹೊಟ್ಟೆಯಲ್ಲಿ ಸಿಟ್ಟು ಇಟ್ಟುಕೊಳ್ಳುವುದೇ ನನ್ನ ಅಭ್ಯಾಸ.

ಹೊರಡುವುದಕ್ಕೆ ಒಂದು ವಾರ ಮುಂಚೆ ಅವನ ಸೈಕಲ್ಲಿನ ಚೌಕಟ್ಟಿನಲ್ಲಿ, ಹ್ಯಾಂಡಲಿನ ಬುಡಕ್ಕೆ ಕೂಡುವ ಕಡೆ, ಕೂದಲೆಳೆಯಷ್ಟು ಬಿರುಕು ಕಂಡಿತು. ಸೈಕಲ್ಲಿನ ತೆಳು ಕೊಳವೆಗೆ ಗ್ಯಾಸಿನಲ್ಲಿ ಹಿತ್ತಾಳೆ ಕರಗಿಸಿ ಬೆಸುಗೆ ಹಾಕಬೇಕು. ಕರೆಂಟಿನ ಬೆಸುಗೆ ಹಾಕಿದರೆ ಪಕ್ಕದ ಲೋಹ ಸುಟ್ಟು ಪೆಡಸಾಗುತ್ತದೆ. ಇದನ್ನು ನಾನು ಹದಿನಾಲ್ಕನೇ ವಯಸ್ಸಿಗೇ ಕಲಿತಿದ್ದೆ. ಶನಿವಾರ ಮಧ್ಯಾಹ್ನ ಸೈಕಲ್ಲನ್ನು ವರ್ಕ್‌ಶಾಪಿಗೆ ಒಯ್ದೆ. ಗ್ಯಾಸಿನ ಸಿಲಿಂಡರಿನಲ್ಲಿ ಇನ್ನೊಬ್ಬ ಕೆಲಸ ಮಾಡುತ್ತಿದ್ದ, ಒಂದು ಗಂಟೆ ಕಾಯಬೇಕು ಎಂದ. ಬೆಳಗಿನಿಂದ ನಿಂತು ಕಾಲು ಬಾತಿತ್ತು. ಮನೆಗೆ ಹೋಗಿ ಬಿದ್ದುಕೊಳ್ಳಬೇಕೆನಿಸಿತ್ತು. ಕರೆಂಟಿನ ಬೆಸುಗೆಯನ್ನೇ ಹಾಕಿದೆ. ಅರದಿಂದ ಉಜ್ಜಿ ನುಣುಪು ಮಾಡಿ ಕಪ್ಪು ಬಣ್ಣ ಬಳಿದೆ. ನಾಲ್ಕು ದಿನ ತಡೆದರೆ ಸಾಕು ಅಂದುಕೊಂಡೆ. ಅಣ್ಣ ಮನೆಯಲ್ಲಿ ಬೆರಳಾಡಿಸಿ ನೋಡಿ, ಹಿತ್ತಾಳೆಯಾ ಎಂದು ಕೇಳಿದ. ಹೂಂ ಎಂದೆ. ಎಷ್ಟು ಚೆನ್ನಾಗಿ ಮಾಡಿದೀಯೋ ಎಂದ.

ಮೊದಲ ದಿನ ನಮಗೆ ಸಿಕ್ಕಿದವರೆಲ್ಲ ವಿಚಿತ್ರದ ಜನ. ಅಥವಾ ಅಣ್ಣ ಅಂಥವರನ್ನೇ ಹುಡುಕಿ ನಿಲ್ಲುತ್ತಿದ್ದನೋ ಏನೋ. ಅಥಿ ರಿವರಿನ ಹತ್ತಿರ ರೈಲ್ವೆಯಿಂದ ನಿವೃತ್ತನಾದ ಒಬ್ಬ ಮುದುಕ ಹಿತ್ತಾಳೆ ಗುಂಡಿಯ ಕೋಟು ಹಾಕಿಕೊಂಡು ಹಳಿಯ ಬದಿಯಲ್ಲಿ ನಿಂತಿದ್ದ. ಹೋಗುವ ಗೂಡ್ಸು ರೈಲಿನ ಡಬ್ಬಿಗಳನ್ನು ಗಟ್ಟಿಯಾಗಿ ಎಣಿಸುವುದು ಅವನ ಕೆಲಸ. ತಾನು ಬಿಟ್ಟ ಮೇಲೆ ಇದನ್ನು ಯಾರೂ ಸರಿಯಾಗಿ ಎಣಿಸುತ್ತಿಲ್ಲ ಎಂಬ ಚಿಂತೆ ಅವನಿಗೆ. ಅಣ್ಣನನ್ನೂ ಎಣಿಸಲು ನಿಲ್ಲಿಸಿದ. ಅಣ್ಣನ ಲೆಕ್ಕ ಒಂದು ಡಬ್ಬಿ ಕಡಿಮೆ ಬಂತು. ಮುಂದಿನ ರೈಲು ಬರುವ ತನಕ ನಮ್ಮನ್ನು ಬಿಡಲಿಲ್ಲ. ಮುಂದೆ ಒಂದು ಕಡೆ ಚಹಾ ಮಾರುವ ಹೆಂಗಸಿನ ಬಳಿ ಒಂದೇ ಕುರ್ಚಿ. ಎಲ್ಲರಿಗಿಂತ ದೂರದಿಂದ ಬಂದವರಿಗೆ ಮಾತ್ರ ಆ ಕುರ್ಚಿ ಎಂಬುದು ಅವಳ ಕಾನೂನು. ರುವಾಂಡಾದ ಲಾರಿ ಡ್ರೈವರನೊಬ್ಬ ಆರಾಮಾಗಿ ಕೂತಿದ್ದವನು ಅಣ್ಣ ಇಂಡಿಯಾದವನೆಂದು ತಿಳಿದ ಕೂಡಲೇ ಎದ್ದು ನಿಲ್ಲಬೇಕಾಯಿತು. ನಾನೂ ಇಂಡಿಯಾದಿಂದಲೇ ಬಂದವನು ಎಂದರೆ, ಅವನು ನಿನಗಿಂತ ಮೊದಲು ಹುಟ್ಟಿದ್ದಾನೆ, ಇನ್ನೂ ದೂರದಿಂದ ಬಂದಿದ್ದಾನೆ ಎಂದಳು.

ಪ್ರತಿಯೊಬ್ಬರ ಎದುರಿಗೂ ಅಣ್ಣ ನನ್ನ ಕಡೆ ತಿರುಗಿ "ಏನಂದ್ರೋ?" ಎಂದು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಅವನು ಅಂದದ್ದನ್ನು ಅವರಿಗೆ ಹೇಳುತ್ತಿದ್ದೆ. ತುಳಿದು ತುಳಿದು ತೊಡೆ ನೋಯುತ್ತಿತ್ತು, ಈ ಎರಡು ಕಡೆಯ ಮಾತು ಹೊರುವುದು ಅದಕ್ಕಿಂತ ದಣಿವು. ನಡುನಡುವೆ ಕಲ್ಲು ಕಂಡರೆ ಇಳಿಯುತ್ತಿದ್ದ. ಎರಡನೇ ದಿನದ ಹೊತ್ತಿಗೆ ಅವನ ಕ್ಯಾರಿಯರಿನ ಚೀಲದಲ್ಲಿ ಹತ್ತು ಹನ್ನೆರಡು ಕಿಲೋ ಕಲ್ಲು ಆಗಿರಬೇಕು.

ಸುಲ್ತಾನ್ ಹಮೂದ್ ಎಂಬ ಊರು ದಾಟಿದ ಮೇಲೆ ಒಂದು ಇಳಿಜಾರು. ನಾನು ಹಿಂದಿದ್ದೆ. ಅಣ್ಣನ ಸೈಕಲ್ಲಿನ ಮುಂದಿನ ಚಕ್ರ ಒಂದು ಕಡೆಗೂ ಉಳಿದದ್ದು ಇನ್ನೊಂದು ಕಡೆಗೂ ಹೋದದ್ದನ್ನು ನೋಡಿದೆ. ಅವನು ಬಲಗೈ ಊರಿ ಬಿದ್ದ. ನಾನು ಓಡಿ ಹೋದಾಗ ಮಣಿಕಟ್ಟು ತಿರುಗಬಾರದ ಕಡೆಗೆ ತಿರುಗಿತ್ತು. ಅವನು ಮೊದಲು ಹೇಳಿದ ಮಾತು, "ಲೋ, ಕಲ್ಲೆಲ್ಲ ಇದಾವಾ ನೋಡೋ."

ಆ ಇಳಿಜಾರಿನ ಕೆಳಗೆ, ಒಂದು ಜಾಲಿ ಮರದ ನೆರಳಿನಲ್ಲಿ ಫುಂಡಿ ಕೂತಿದ್ದರು. ಒಂದು ಇದ್ದಿಲ ಕುಲುಮೆ, ಒಂದು ತಿದಿ, ನಾಲ್ಕು ಹತಾರ, ಅಷ್ಟೇ ಅಂಗಡಿ. ನಮ್ಮನ್ನು ನೋಡಿ ಎದ್ದು ಬಂದು, ಅಣ್ಣನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಹಳೆಯ ಟ್ಯೂಬು ಸೀಳಿ, ಎರಡು ಕಟ್ಟಿಗೆ ಪಟ್ಟಿಯ ನಡುವೆ ಮಣಿಕಟ್ಟನ್ನು ಕಟ್ಟಿದರು. ಕಟ್ಟುವಾಗ "ಪೋಲೆ, ಮ್ವಾಲಿಮು, ಪೋಲೆ" ಎಂದು ಸಮಾಧಾನ ಮಾಡುತ್ತಿದ್ದರು. ಅಣ್ಣ ಮೇಷ್ಟ್ರು ಎಂದು ನಾನು ಹೇಳಿದ್ದೆ, ಮ್ವಾಲಿಮು ಅಂದರೆ ಮೇಷ್ಟ್ರು. ಆಮೇಲೆ ಸೈಕಲ್ಲನ್ನು ಗೋಣಿಯ ಮೇಲೆ ಮಲಗಿಸಿದರು. ಈ ಕೈಯಲ್ಲಿ ಅಣ್ಣ ಅದನ್ನು ಹೊಡೆಯಲಾರ, ನಾವು ಬಸ್ಸಿನಲ್ಲಿ ಹೋಗುತ್ತೇವೆ ಎಂದೆ. ಮುರಿದದ್ದನ್ನು ಮುರಿದ ಹಾಗೆಯೇ ನನ್ನ ಮರದ ಕೆಳಗಿನಿಂದ ಕಳಿಸುವುದಿಲ್ಲ ಎಂದರು. ಉಗುರು ಎಳೆದರು. ಬೆಸುಗೆಯ ಅಂಚಿನಲ್ಲಿ ಹಲ್ಲಿನಿಂದ ಕಚ್ಚಿದ ಹಾಗೆ ಮುರಿದಿತ್ತು. ಕಪ್ಪು ಬಣ್ಣ ಕೆರೆದು, ಬಹಳ ಹೊತ್ತು ನೋಡಿದರು.

ಹೇಗೆ ಮುರಿಯಿತು ಎಂದು ಕೇಳಿದರು. ನಾನು ಇಳಿಜಾರು, ವೇಗ ಎಂದು ಶುರು ಮಾಡಿದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಇಳಿಜಾರು ನನಗೂ ಗೊತ್ತು, ದಿನಾ ನೋಡ್ತೀನಿ. ಇದು ಕರೆಂಟಿನ ಕೆಲಸ. ಹಾಕಿದವನು ಬಲ್ಲವನು, ಅರ ಹಿಡಿದ ಕೈ ಚೆನ್ನಾಗಿದೆ. ನಿನ್ನ ತೋಳಿನ ಮೇಲೆ ಕಿಡಿಯ ಕಲೆಗಳಿವೆ, ಕಿಜಾನಾ. ಗೊತ್ತಿದ್ದೂ ಯಾಕೆ ಹಾಕಿದೆ? ನಿನ್ನಣ್ಣನಿಗೆ ಹೇಳು. ಆಮೇಲೆ ಕೆಲಸ ಶುರು ಮಾಡ್ತೀನಿ."

ಕಿಜಾನಾ ಎಂದರೆ ಹುಡುಗ. ಬೈಗುಳವಲ್ಲ. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಏನಂದ್ರೋ?" ಎಂದ ಅಣ್ಣ, ಮರಕ್ಕೆ ಒರಗಿ, ಬೆವರುತ್ತ.

ನಾನು ಕಲ್ಲಿನ ಚೀಲ ನೋಡಿದೆ. ಬಾಯಿಗೆ ಬಂದದ್ದು ಇದು: "ಭಾರ ಜಾಸ್ತಿ ಆಯ್ತಂತೆ ಅಣ್ಣ. ಎಷ್ಟು ಹೊರೋಕಾಗತ್ತೆ ಅಂತ ಕೇಳದೆ ಹೇರಿದೋನೇ ಅದನ್ನ ಮುರಿದೋನು, ಅಂತಿದಾರೆ."

ಅಣ್ಣ ಕಲ್ಲಿನ ಚೀಲದ ಕಡೆ ನೋಡಿದ. ಆಮೇಲೆ ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು, ಫುಂಡಿಯ ಕಡೆ ತಲೆ ಬಾಗಿಸಿ, ತನ್ನ ಪುಸ್ತಕದ ಸ್ವಾಹಿಲಿಯಲ್ಲಿ, ನೀವು ಹೇಳಿದ್ದು ನಿಜ, ನಿಜ ಹೇಳಿದ್ದಕ್ಕೆ ಉಪಕಾರವಾಯಿತು ಎಂದ. ಫುಂಡಿ ನನ್ನ ಕಡೆ ನೋಡಿದರು. ನಾನು ತಪ್ಪು ಒಪ್ಪಿಕೊಂಡೆ, ಅಣ್ಣ ಕ್ಷಮಿಸಿದ, ಎಂದು ಅವರಿಗೆ ಅನಿಸಿತು. ಬೇರೆ ಏನು ಅನಿಸಲು ಸಾಧ್ಯ? ನನ್ನ ಬೆನ್ನು ತಟ್ಟಿ, ಚೆನ್ನಾಗಿ ಮಾಡಿದೆ ಎಂದು ಹೇಳಿ, ಗರಗಸ ಕೈಗೆ ತೆಗೆದುಕೊಂಡರು.

ನನ್ನ ಬೆಸುಗೆಯನ್ನು ಪೂರ್ತಿ ಕತ್ತರಿಸಿ ತೆಗೆದರು. ಕೊಳವೆಯೊಳಗೆ ಇನ್ನೊಂದು ತುಂಡು ಕೊಳವೆ ಸೇರಿಸಿ, ಮೊಳೆ ಹೊಡೆದು, ಇದ್ದಿಲ ಬೆಂಕಿಯಲ್ಲಿ ಹಿತ್ತಾಳೆ ಕರಗಿಸಿ ಹರಿಸಿದರು. ತಿದಿ ಒತ್ತಿದವನು ನಾನು. ಅಂಥ ಕೆಲಸವನ್ನು ನಾನು ಗ್ಯಾಸಿನಲ್ಲೂ ಮಾಡಿದವನಲ್ಲ. ಬಸ್ಸು ಬಂದಾಗ ಸೈಕಲ್ಲುಗಳನ್ನು ಮೇಲೆ ಹಾಕಿದೆವು. ಕಲ್ಲಿನ ಚೀಲ ಎತ್ತಲು ಹೋದರೆ ಅಣ್ಣ ಬೇಡ ಎಂದ. ಮರದ ಬುಡದಲ್ಲಿ ಸುರಿದು ಬಂದೆವು.

ಮೂಳೆ ಕೂಡಿಕೊಂಡಿತು, ಸ್ವಲ್ಪ ತಿರುಚಿಕೊಂಡು ಕೂಡಿತು. ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಗೆರೆ ಎಳೆದರೆ ನಡುಗುತ್ತಿತ್ತು. ಆಫ್ರಿಕಾದ ನಕ್ಷೆಗೆ ಅಚ್ಚು ಹಾಕಿದ ಹಾಳೆಯನ್ನು ಗೋಡೆಗೆ ತೂಗುಹಾಕಿದ. ಅದು ನನ್ನ ಬೆಸುಗೆ ಮಾಡಿದ ಕೆಲಸ. ನನ್ನ ಸುಳ್ಳು ಮಾಡಿದ ಕೆಲಸ ಬೇರೆ. ಮನೆಯ ಕಲ್ಲುಗಳನ್ನೆಲ್ಲ ಚೀಟಿ ಸಮೇತ ಶಾಲೆಗೆ ಕೊಟ್ಟುಬಿಟ್ಟ. ದಾರಿಯಲ್ಲಿ ಒಳ್ಳೆಯ ಕಲ್ಲು ಬಿದ್ದಿದ್ದರೆ ನೋಡಿ, ಕಾಲಿನಿಂದ ಸರಿಸಿ ಹೋಗುತ್ತಿದ್ದ. ಸಿಕ್ಕಿದವರ ಎದುರಿಗೆಲ್ಲ ಫುಂಡಿಯ ಮಾತು ಹೇಳುತ್ತಿದ್ದ. ಪ್ರತಿ ವರ್ಷ ಹೊಸ ತರಗತಿಯ ಮಕ್ಕಳಿಗೂ ಹೇಳುತ್ತಿದ್ದನಂತೆ. ಇಷ್ಟು ಓದಿದ ನನಗೆ ಗೊತ್ತಿಲ್ಲದ್ದನ್ನು ರಸ್ತೆ ಬದಿಯ ಆ ಹಿರಿಯರು ಒಂದೇ ಮಾತಿನಲ್ಲಿ ಹೇಳಿದರು, ನನ್ನ ದುರಾಸೆಯನ್ನು ಮುಖದ ಮೇಲೆ ತೋರಿಸಿದರು, ಎನ್ನುತ್ತಿದ್ದ. ಏಳನೇ ತರಗತಿ ಓದಿದ ನಾನು ಜನ್ಮದಲ್ಲಿ ಕಟ್ಟಿದ ಒಂದೇ ಒಂದು ಒಳ್ಳೆಯ ಮಾತು ಅದು. ಅದೂ ಸುಳ್ಳು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಒಬ್ಬನೇ ಬಸ್ಸು ಹತ್ತಿ ಫುಂಡಿಯ ಬಳಿ ಹೋದೆ. ಅವರು ತಟ್ಟಿದ ಕೈ ಇನ್ನೂ ನನ್ನ ಬೆನ್ನ ಮೇಲೇ ಇದ್ದ ಹಾಗಿತ್ತು. ಡಬ್ಬದ ಮೇಲೆ ಕೂತು ಎಲ್ಲ ಹೇಳಿದೆ, ಅವರ ಬಾಯಿಯ ಮಾತೆಂದು ನಾನು ಅಣ್ಣನಿಗೆ ಹೇಳಿದ್ದನ್ನೂ. ಕೇಳಿಸಿಕೊಳ್ಳುತ್ತ ಅವರು ಕೈಯ ಕೆಲಸ ನಿಲ್ಲಿಸಿದರು. ಅವರ ಮುಖ ಅಷ್ಟು ದಣಿದದ್ದನ್ನು ನಾನು ಮತ್ತೆ ನೋಡಲಿಲ್ಲ.

"ಸುಳ್ಳು ಕತೆಗೆ ನನ್ನ ಕೈಲಿ ಬೆಸುಗೆ ಹಾಕಿಸಿದೆ," ಎಂದರು. "ಹೋಗು. ಅವನಿಗೆ ಹೇಳಿ ಬಾ. ಅಲ್ಲಿ ತನಕ ಈ ಮರದ ಕೆಳಗೆ ಬರಬೇಡ."

ಹೇಳುತ್ತೇನೆ ಎಂದು ಬಂದೆ. ಹೇಳಲಿಲ್ಲ. ಪ್ರತಿ ದಿನ ಸಂಜೆ ಅಣ್ಣ ಎಡಗೈಯಲ್ಲಿ ಮಕ್ಕಳ ಪುಸ್ತಕ ತಿದ್ದುವುದನ್ನು ನೋಡಿ, ನಾಳೆ ಎಂದುಕೊಳ್ಳುತ್ತಿದ್ದೆ.

ಡಿಸೆಂಬರಿನಲ್ಲಿ ಅಣ್ಣ ಫುಂಡಿಯನ್ನು ನೋಡಿ ಬರೋಣ, ಒಂದು ಕಂಬಳಿ ಕೊಟ್ಟು ಬರೋಣ ಎಂದ. ಅವರು ತೀರಿಕೊಂಡರಂತೆ, ಬಸ್ಸಿನ ಕಂಡಕ್ಟರ್ ಹೇಳಿದ, ಎಂದೆ. ಅಣ್ಣ ಆ ದಿನ ಊಟ ಮಾಡಲಿಲ್ಲ.

ಆಮೇಲೆ ಬಂದ ಮಹಾಲಯ ಅಮಾವಾಸ್ಯೆಯ ದಿನ ನಡೆದದ್ದನ್ನು ಹೇಳುತ್ತೇನೆ. ಅಣ್ಣ ಪ್ರತಿ ವರ್ಷ ಅಂದು ಜನಿವಾರವನ್ನು ಬಲ ಹೆಗಲಿಗೆ ತಿರುಗಿಸಿ, ಹರಿವಾಣ ಇಟ್ಟುಕೊಂಡು, ಸತ್ತ ಹಿರಿಯರಿಗೆ ಎಳ್ಳುನೀರು ಬಿಡುತ್ತಿದ್ದ. ಅಪ್ಪ, ಅಜ್ಜ, ಮುತ್ತಜ್ಜ, ತಾಯಿ ಕಡೆಯವರು ಆದ ಮೇಲೆ ಸತ್ತ ಗುರುಗಳಿಗೂ ಬಿಡುವುದುಂಟು. ಆ ವರ್ಷ ಗುರುಗಳ ಸಾಲಿನಲ್ಲಿ ಅವನು ಫುಂಡಿಯನ್ನು ಸೇರಿಸಿದ. ಹೆಸರನ್ನು ನಾವಿಬ್ಬರೂ ಕೇಳಿರಲೇ ಇಲ್ಲ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವ ರೂಢಿ. ಹಾಗೆ ಮೊಂಬಾಸಾ ರಸ್ತೆಯ ಸೈಕಲ್ಲು ರಿಪೇರಿಯವರು ಹೈರಿಡ್ಜ್‌ನ ನಮ್ಮ ಮನೆಯಲ್ಲಿ ಕಾಶ್ಯಪ ಗೋತ್ರದ ಫುಂಡಿಯಾದರು.

ನೀರು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದ ಬೀಳಬೇಕು. ಅದಕ್ಕೆ ಅಂಗೈಯನ್ನು ಬಲಕ್ಕೆ ವಾಲಿಸಬೇಕು. ಅಣ್ಣನ ಮಣಿಕಟ್ಟು ಆ ಕಡೆ ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನಾನು ಅವನ ಕೈ ಹಿಡಿದು ವಾಲಿಸಬೇಕಾಗಿತ್ತು. ನಾನು ಮುರಿದ ಕೈಯನ್ನು ನಾನೇ ಹಿಡಿದು, ಬದುಕಿರುವ ಮನುಷ್ಯನಿಗೆ ಎಳ್ಳುನೀರು ಬಿಡಿಸಿದೆ. ಒಂದಲ್ಲ, ಎರಡು ಮಹಾಲಯ. ನಡುವೆ ವರ್ಕ್‌ಶಾಪಿನ ಗೇಟುಗಳನ್ನು ಮೊಂಬಾಸಾಗೆ ಸಾಗಿಸುವ ಲಾರಿಯಲ್ಲಿ ಆ ದಾರಿಯಾಗಿ ಹೋಗುತ್ತಿದ್ದೆ. ಕೋಟು ಹಾಕಿದ ಅವರ ಬೆನ್ನು ದೂರದಿಂದ ಕಾಣುತ್ತಿತ್ತು. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ.

ಮೂರನೇ ವರ್ಷ ಅಣ್ಣ ಕಾಶ್ಯಪ ಗೋತ್ರ ಎಂದು ಶುರು ಮಾಡಿದಾಗ ನನ್ನ ಕೈ ಅವನ ಕೈಯನ್ನು ವಾಲಿಸಲು ಒಪ್ಪಲಿಲ್ಲ. ಧೈರ್ಯ ಬಂತು ಎಂದು ಹೇಳುವ ಹಾಗಿಲ್ಲ. ಸಾಕಾಗಿತ್ತು.

"ಅವರು ಸತ್ತಿಲ್ಲ ಅಣ್ಣ. ಬದುಕಿದಾರೆ."

ಅಣ್ಣ ಅಂಗೈಯಲ್ಲಿ ನೀರು ಹಿಡಿದುಕೊಂಡೇ ನನ್ನನ್ನು ನೋಡಿದ. "ಬದುಕಿರೋರಿಗೆ ಎಳ್ಳುನೀರು ಬಿಡಿಸಿದೆಯೇನೋ?"

ಹೂಂ ಎಂದೆ. ಆ ದಾರಿಯಲ್ಲಿ ಮತ್ತೆ ಹೋಗಲು ಬೇಸರವಾಗಿ ಸುಳ್ಳು ಹೇಳಿದೆ ಎಂದೆ. ಅದು ಅರ್ಧ ಮಾತು ಮಾತ್ರ. ಅವನು ಆ ನೀರನ್ನು ಹಾಗೆಯೇ ಲೋಟಕ್ಕೆ ಸುರಿದು, ಉಳಿದವರಿಗೆ ಮುಗಿಸಿ ಎದ್ದ. ಭಾನುವಾರ ಹೋಗಿ ಅವರ ಕಾಲಿಗೆ ಬೀಳಬೇಕು ಎಂದ.

ಮರದ ಸುತ್ತ ಅಣ್ಣನ ಕಲ್ಲುಗಳು ಕಟ್ಟೆಯ ಹಾಗೆ ಸಾಲಾಗಿ ಕೂತಿದ್ದವು. ಫುಂಡಿಗೆ ವಯಸ್ಸಾಗಿತ್ತು, ಅಣ್ಣನನ್ನು ನೋಡಿ ನಕ್ಕರು, ನನ್ನನ್ನು ನೋಡಿ ಏನೂ ಅನ್ನಲಿಲ್ಲ. ಹೇಳಿಯೇ ಕರೆತಂದಿದ್ದಾನೆ ಎಂದುಕೊಂಡಿರಬೇಕು. ಎಳ್ಳುನೀರಿನ ವಿಷಯ ಹೇಳಿ ತಪ್ಪಾಯಿತು ಎನ್ನು ಎಂದು ಅಣ್ಣ ನನಗೆ ಹೇಳಿದ. ಸತ್ತವರಿಗೆ ಕೊಡುವ ನೀರನ್ನು ನಿಮಗೆ ಕೊಟ್ಟೆವು ಎಂದು ನಾನು ಹೇಳಿದೆ. ಫುಂಡಿ ಸ್ವಲ್ಪ ಯೋಚಿಸಿ, "ಅದಕ್ಕೇ ಈಚೆಗೆ ನನಗೆ ಬಾಯಾರಿಕೆ ಕಡಿಮೆ," ಎಂದರು. ಅಣ್ಣ ನಕ್ಕ. ಆ ನಗುವಿನಲ್ಲೇ ಅವನು, ನೀವು ಅಂದು ಹೇಳಿದ ಮಾತನ್ನು ನಾನು ಮರೆತಿಲ್ಲ, ಎಷ್ಟು ಹೊರಲಾಗುತ್ತದೆಂದು ಕೇಳದೆ ಹೇರಿದವನೇ ಮುರಿದವನು ಎಂಬುದನ್ನು ನನ್ನ ಶಾಲೆಯ ಮಕ್ಕಳಿಗೆಲ್ಲ ಕಲಿಸಿದ್ದೇನೆ, ಹೇಳೋ ಅವರಿಗೆ, ಎಂದ.

ಬೇರೆ ಏನಾದರೂ ಹೇಳಿಬಿಡಬಹುದಿತ್ತು. ಮೂರು ವರ್ಷದ ಹಿಂದಿನ ಹಾಗೆಯೇ ಸುಲಭವಾಗಿತ್ತು. ಆ ಮಾತನ್ನು ಹಾಗೆ ಹಾಗೆಯೇ ಸ್ವಾಹಿಲಿಯಲ್ಲಿ ಹೇಳಿದೆ. ಫುಂಡಿ ನನ್ನನ್ನೇ ನೋಡುತ್ತ ಕೂತರು. ಅವರಿಗೆ ತಿಳಿಯಿತು. ಡಬ್ಬವನ್ನು ಕಾಲಿನಿಂದ ನನ್ನ ಕಡೆ ತಳ್ಳಿದರು.

ನಾನು ಕೂತೆ. "ಅಣ್ಣ, ಅವರು ಹಾಗೆ ಹೇಳಿರಲಿಲ್ಲ. ಕರೆಂಟಿನ ಬೆಸುಗೆ ಅಂದಿದ್ದರು. ನಾನು ಹಾಕಿದ್ದು. ಹಿತ್ತಾಳೆ ಅಂತ ನಿಂಗೆ ಸುಳ್ಳು ಹೇಳಿದ್ದೆ. ಅದು ಕಲ್ಲಿನಿಂದ ಮುರಿದಿದ್ದಲ್ಲ."

ಅಣ್ಣ ನನ್ನ ಕಡೆ ನೋಡಲಿಲ್ಲ. ಸುತ್ತ ಇದ್ದ ಕಲ್ಲುಗಳನ್ನು ನೋಡಿದ. ಆಮೇಲೆ ಅವುಗಳ ಕಡೆ ಕೈ ತೋರಿಸಿ, ತನ್ನದೇ ಸ್ವಾಹಿಲಿಯಲ್ಲಿ, ಒಂದೊಂದೇ ಪದ ಹುಡುಕಿ ಫುಂಡಿಯನ್ನು ಕೇಳಿದ. ಕಲ್ಲು. ಸೈಕಲ್ಲು. ಹೊರುತ್ತಿತ್ತೇ?

ಫುಂಡಿ ಎರಡು ಬೆರಳು ಎತ್ತಿ ತೋರಿಸಿದರು. ಇದರ ಎರಡರಷ್ಟು.

ಬಸ್ಸಿನಲ್ಲಿ ಅಣ್ಣ ಕಿಟಕಿಯ ಹೊರಗೆ ನೋಡುತ್ತ ಬಂದ. ಮನೆಗೆ ಬಂದು ಅನ್ನಕ್ಕೆ ಇಟ್ಟ ಮೇಲೆ ಒಂದೇ ಪ್ರಶ್ನೆ ಕೇಳಿದ. "ಗ್ಯಾಸಿಗೆ ಎಷ್ಟು ಹೊತ್ತು ಕಾಯಬೇಕಿತ್ತು?"

"ಒಂದು ಗಂಟೆ," ಎಂದೆ.

ಅವನು ತಲೆಯಾಡಿಸಿದ. ಆ ವಿಷಯ ನಾವು ಮತ್ತೆ ಮಾತಾಡಲಿಲ್ಲ. ಅವನು ಮತ್ತೆ ಕಲ್ಲು ಎತ್ತಿ ತರಲೂ ಇಲ್ಲ. ಮುರಿದದ್ದು ಏನೆಂದು ತಿಳಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಆದರೆ ಶಾಲೆಯ ಕಾವಲುಗಾರನ ಬಳಿ ಕೂತು ಸ್ವಾಹಿಲಿ ಕಲಿಯಲು ಶುರು ಮಾಡಿದ. ತಿಂಗಳುಗಟ್ಟಲೆ ಕಲಿತ. ಯಾಕೆ ಎಂದು ನಾನು ಕೇಳಲಿಲ್ಲ.

ಫುಂಡಿ ನನ್ನನ್ನು ಮರದ ಕೆಳಗೆ ಬರಲು ಬಿಟ್ಟರು. ಎರಡು ವರ್ಷ, ಆಗಾಗ ಭಾನುವಾರಗಳಲ್ಲಿ ಹೋಗಿ, ಇದ್ದಿಲ ಬೆಂಕಿಯಲ್ಲಿ ಹಿತ್ತಾಳೆ ಹರಿಸುವುದನ್ನು ಕಲಿತೆ. ಹಿತ್ತಾಳೆಗೆ ಅವಸರ ತಿಳಿದರೆ ಉಂಡೆಯಾಗಿ ಉರುಳಿಹೋಗುತ್ತದೆ ಎಂದು ನಗುತ್ತಿದ್ದರು. ಹಳೆಯದನ್ನು ಎಂದೂ ಎತ್ತಿ ಆಡಲಿಲ್ಲ. ಒಮ್ಮೆ ಮಾತ್ರ, ನನ್ನ ಕೆಲಸದ ಮೇಲೆ ಉಗುರು ಎಳೆದು, ಎಲ್ಲೂ ತಡೆಯದೆ ಕೊನೆ ಮುಟ್ಟಿದಾಗ, ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು.

ಅವರು ತೀರಿಕೊಂಡ ಸುದ್ದಿಯನ್ನು ಈ ಸಲ ನಿಜವಾಗಿಯೂ ಬಸ್ಸಿನ ಕಂಡಕ್ಟರೊಬ್ಬನೇ ತಂದ. ಅಣ್ಣನಿಗೆ ಹೇಳಿದೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಚಪ್ಪಲಿ ಮೆಟ್ಟಿದ.

ರಸ್ತೆಯಿಂದ ಒಂದೂವರೆ ಗಂಟೆ ನಡೆದು ಅವರ ಮನೆ ಮುಟ್ಟಿದೆವು. ಮನೆಯ ಪಕ್ಕದ ಹೊಲದಲ್ಲೇ ಗುಂಡಿ ತೋಡಿದ್ದರು. ಮಣ್ಣು ಮಾಡುವ ಮುಂಚೆ, ಬಂದವರು ಒಬ್ಬೊಬ್ಬರಾಗಿ ಮುಂದೆ ನಿಂತು ಸತ್ತವರ ಬಗ್ಗೆ ನಾಲ್ಕು ಮಾತು ಹೇಳುವುದು ಅವರ ಕಡೆಯ ಪದ್ಧತಿ. ಅವರ ಮಗಳು ಅಣ್ಣನ ಬಳಿ ಬಂದು, ನೀವು ಯಾರು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲು ಅಣ್ಣನೇ ಸ್ವಾಹಿಲಿಯಲ್ಲಿ, ನಿಧಾನವಾಗಿ, ತಪ್ಪುಗಳ ಸಮೇತ ಉತ್ತರ ಕೊಟ್ಟ. ನಾನು ಅವರ ಗಿರಾಕಿ, ಇವನು ಅವರ ಹತ್ತಿರ ಕೆಲಸ ಕಲಿತವನು, ಇವನು ಮಾತಾಡುತ್ತಾನೆ, ಎಂದ.

ನಾನು ಮುಂದೆ ಹೋಗಿ ನಿಂತೆ. ಅರವತ್ತು ಎಪ್ಪತ್ತು ಜನ ಇರಬೇಕು. ಒಳ್ಳೆಯವರಾಗಿದ್ದರು, ಕೈಯಲ್ಲಿ ವಿದ್ಯೆ ಇತ್ತು ಎಂದು ಹೇಳಿ ಮುಗಿಸಬಹುದಿತ್ತು. ಮೊದಲಿನಿಂದ ಹೇಳಿದೆ. ಶನಿವಾರದ ಮಧ್ಯಾಹ್ನ, ಸಿಲಿಂಡರು, ಕಪ್ಪು ಬಣ್ಣ, ಇಳಿಜಾರು, ಅವರ ಬಾಯಲ್ಲಿ ನಾನಿಟ್ಟ ಮಾತು, ಬದುಕಿದ್ದವರನ್ನು ನಾನು ಸಾಯಿಸಿದ್ದು, ಎಲ್ಲ. ಇವರು ನನ್ನನ್ನು ಒಂದೇ ಪ್ರಶ್ನೆ ಕೇಳಿದ್ದರು, ಉತ್ತರಕ್ಕೆ ಮೂರು ವರ್ಷ ಕಾದರು, ಎಂದೆ. ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಒಬ್ಬ ಮುದುಕಿ ಹೂಂ ಎಂದಳು.

ಅಣ್ಣ ಜನರ ಹಿಂದೆ, ಸೂರಿನ ಅಂಚಿನಲ್ಲಿ ನಿಂತು ಕೇಳುತ್ತಿದ್ದ. ಪ್ರತಿ ಮಾತೂ ಅವನಿಗೆ ತಿಳಿಯುತ್ತಿದೆ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ಮುಗಿಸಿ ಅವನ ಹತ್ತಿರ ಹೋದೆ. ಅವನು ಸ್ವಲ್ಪ ಸರಿದು ನನಗೆ ಜಾಗ ಕೊಟ್ಟ. ಅದನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ಬಿಸಿಲು ಜೋರಾಗಿತ್ತು, ಇಬ್ಬರು ಒತ್ತಿಕೊಂಡು ನಿಲ್ಲುವಷ್ಟೇ ನೆರಳಿತ್ತು.